ಮುದಿ ಲ್ಯಾಪ್‌ಟಾಪಿನ ಬಾಣಂತನ

ನಮ್ಮ ಪಕ್ಕದ ಮನೆಯ ವಿಶ್ವರಾಧ್ಯನಿಗೆ ಗೊತ್ತಿಲ್ಲದ ವಿಷಯ ಈ ಭೂಮಿಯ ಮೇಲೆ ಒಂದೂ ಇಲ್ಲ. ಇದು ನನ್ನ ಮಾತಲ್ಲ, ಅವನದೇ ಮಾತು. ಬಸ್ಸಿನಲ್ಲಿ ಕಂಡಕ್ಟರನಾಗಿ ದುಡಿದು, ಈಗ ಕೆಂಭಾವಿಯಲ್ಲಿ ಮನೆಯ ಮುಂದಿನ ಕಟ್ಟೆಯೇ ಸೀಟು ಎಂದು ಕೂತಿರುವ ನಾನು ಇಂಥ ಎಲ್ಲ ಬಲ್ಲವರನ್ನು ಬೇಕಾದಷ್ಟು ಕಂಡಿದ್ದೇನೆ. ದಾರಿ ಗೊತ್ತಿಲ್ಲದವನು ಸರಿಯಾದ ಊರಿನಲ್ಲೇ ಇಳಿಯುತ್ತಾನೆ, ಯಾಕೆಂದರೆ ಅವನು ಕೇಳುತ್ತಾನೆ. ಎಲ್ಲ ಗೊತ್ತಿದ್ದವನು ಮಾತ್ರ ಶಹಾಪುರಕ್ಕೆ ಟಿಕೀಟು ತೆಗೆಸಿ ಸುರಪುರದಲ್ಲಿ ಇಳಿದು, ಬಸ್ ಸ್ಟ್ಯಾಂಡನ್ನು ಯಾವಾಗ ಬದಲಿ ಮಾಡಿದಿರಿ ಎಂದು ನಮ್ಮ ಮೇಲೆಯೇ ಏರಿ ಬರುತ್ತಾನೆ. ವಿಶ್ವರಾಧ್ಯ ಈ ಎರಡನೆಯ ಪಂಗಡದವನು.

ಆ ವರ್ಷ ಅವನಿಗೆ ಎರಡು ವಿಷಯ ಖಡಾಖಂಡಿತವಾಗಿ ಗೊತ್ತಿದ್ದವು. ಹತ್ತಿಯ ರೇಟು ಏರುತ್ತದೆ ಎಂಬುದು ಒಂದು. ಹೀಗಾಗಿ ಬಿಡಿಸಿ ತಂದ ಹತ್ತಿಯನ್ನು ಮಾರದೆ ಪಡಸಾಲೆಯಲ್ಲಿ ಸುರಿದಿದ್ದ. ಅದು ಗೋಡೆಗೆ ಆತುಕೊಂಡು ಕಿಟಕಿಯ ಅಡಿಗಲ್ಲಿನ ಹತ್ತಿರಕ್ಕೆ ಬಂದಿತ್ತು. ಮನೆಯ ಮೇಜು, ಕುರ್ಚಿಗಳು, ಮದುವೆಯಲ್ಲಿ ಬಂದ ಟೀಪಾಯಿ ಎಲ್ಲ ಅದರಡಿಯಲ್ಲಿ ಎಲ್ಲೋ ಇದ್ದವು. ನಮ್ಮ ಕಡೆ ಹತ್ತಿಯ ಕಾಲದಲ್ಲಿ ಮನೆಗೆ ಬಂದವರಿಗೆ ಕುರ್ಚಿ ಹಾಕುವ ಪದ್ಧತಿ ಇಲ್ಲ. ಬಂದವರು ಹತ್ತಿಯ ಮೇಲೆ ಕೂರುತ್ತಾರೆ, ಚಹಾ ಕುಡಿಯುತ್ತಾರೆ, ಎದ್ದು ಹೋಗುವಾಗ ಹಿಂದೆ ಅಂಟಿದ್ದನ್ನು ಕೊಡವಿ ಅಲ್ಲೇ ಬಿಟ್ಟು ಹೋಗುತ್ತಾರೆ.

ಎರಡನೆಯದು, ಯಾವ ಯಂತ್ರವಾದರೂ ತನ್ನ ಮಾತು ಕೇಳುತ್ತದೆ ಎಂಬುದು. ಒಂದು ಸಲ ನಿಂತ ಮಿಕ್ಸರಿಗೆ ಒಂದೇಟು ಹಾಕಿ ಓಡಿಸಿದ್ದ. ಅಂದಿನಿಂದ ಅವನು ಮೆಕ್ಯಾನಿಕ್. ಅದೇ ಮಿಕ್ಸರಿಗೆ ಎರಡನೆಯ ಏಟು ಬಿದ್ದಾಗ ಏನಾಯಿತು ಎಂಬುದನ್ನು ಅವನ ತಾಯಿ ಬಸ್ಸಮ್ಮ ಇವತ್ತಿಗೂ ಒರಳಿನಲ್ಲಿ ಖಾರ ಕುಟ್ಟುತ್ತ ಹೇಳುತ್ತಾಳೆ.

ಇಂಥ ಮನೆಗೆ ಲ್ಯಾಪ್‌ಟಾಪ್ ಬಂದದ್ದು ಅವನ ಹೆಂಡತಿ ಶಿವರಂಜನಿಯ ಸಲುವಾಗಿ. ಆಕೆ ಬಿ.ಎಸ್ಸಿ., ಬಿ.ಎಡ್. ಮಾಡಿದವಳು. ಮದುವೆಯಾಗಿ ಬಂದಾಗಿನಿಂದ ಸರ್ಟಿಫಿಕೇಟು ಟ್ರಂಕಿನಲ್ಲಿ, ಆಕೆ ಒಲೆಯ ಮುಂದೆ. ಈ ಸಲ ಧೈರ್ಯ ಮಾಡಿ ಶಹಾಪುರದ ಒಂದು ಶಾಲೆಗೆ ಅರ್ಜಿ ಹಾಕಿದ್ದಳು, ಶಾಲೆಯವರು ಕರೆದೇಬಿಟ್ಟರು. ಗುರುವಾರ ಬೆಳಿಗ್ಗೆ ಆನ್‌ಲೈನಿನಲ್ಲಿ ಅರ್ಧ ತಾಸು ವಿಜ್ಞಾನದ ಪಾಠ ಮಾಡಿ ತೋರಿಸಬೇಕು. ಮೊಬೈಲ್ ನಡೆಯುವುದಿಲ್ಲ, ಹಿಂದಿನ ಸಲ ಯಾರೋ ಮೊಬೈಲ್ ಹಿಡಿದು ಪಾಠ ಮಾಡಿದ್ದಕ್ಕೆ ಹೆಡ್‌ಮಾಸ್ತರರಿಗೆ ತಲೆ ಸುತ್ತಿ ಬಂದಿತ್ತಂತೆ. ಲ್ಯಾಪ್‌ಟಾಪ್ ಬೇಕು, ಹಿಂದೆ ಕರಿಹಲಗೆ ಬೇಕು, ನಡುವೆ ಕಡಿದುಹೋದರೆ ಮುಂದಿನವರನ್ನು ಕರೆಯುತ್ತಾರೆ. ಈ ಸುದ್ದಿ ಹೇಳಲು ಶಿವರಂಜನಿ ನಮ್ಮ ಮನೆಗೆ ಬಂದಾಗ ಆಕೆಯ ಕಣ್ಣು ಮಿನುಗುತ್ತಿದ್ದವು. ನನಗೆ ಖುಷಿಯೂ ಆಯಿತು, ಹೆದರಿಕೆಯೂ ಆಯಿತು. ಖುಷಿ ಆಕೆಯ ಸಲುವಾಗಿ, ಹೆದರಿಕೆ ವಿಶ್ವರಾಧ್ಯನ ಸಲುವಾಗಿ.

ಅವನು ಶಹಾಪುರಕ್ಕೆ ಹೋಗಿ ಖಾಜಾಹುಸೇನನ ಅಂಗಡಿಯಿಂದ ಹಳೆಯ ಲ್ಯಾಪ್‌ಟಾಪ್ ಒಂದನ್ನು ತಂದ. ಬಸ್ಸಿನಲ್ಲಿ ಅದಕ್ಕೊಂದು ಸೀಟು ಹಿಡಿದು, ತಾನು ನಿಂತು ಬಂದ. ಖಾಜಾಹುಸೇನ ಒಳ್ಳೆಯ ಮನುಷ್ಯ, ಕೊಡುವಾಗಲೇ ಹೇಳಿದ್ದ:

"ಅಣ್ಣಾ, ಇದು ಮುದುಕ ಅದ. ಬ್ಯಾಟರಿ ಸತ್ತದ, ವಾಯರ್ ಹಚ್ಚೇ ಇಡ್ರಿ. ಒಳಗ ಡಿಸ್ಕ್ ತಿರಗ್ತದ, ಧಕ್ಕಿ ತಾಗಬಾರ್ದು. ಜರಾ ಮೆತ್ತಗ ನೋಡ್ಕೋರಿ."

ಮೆತ್ತಗೆ ಎಂದರೆ ಹೇಗೆ ಎಂದು ಬೇರೆ ಯಾರಾದರೂ ಆಗಿದ್ದರೆ ಕೇಳುತ್ತಿದ್ದರು. ವಿಶ್ವರಾಧ್ಯ ಕೇಳಲಿಲ್ಲ. ಮನೆಗೆ ಬಂದವನೇ ಪಡಸಾಲೆಯ ಕಿಟಕಿಯ ಹತ್ತಿರ, ಪ್ಲಗ್ ಇರುವ ಕಡೆ, ಹತ್ತಿಯಲ್ಲಿ ಒಂದು ಗುಂಡಿ ತೋಡಿ, ಅಂಚುಗಳನ್ನು ಸವರಿ, ಅದರೊಳಗೆ ಲ್ಯಾಪ್‌ಟಾಪನ್ನು ಇಟ್ಟ. ಜಗತ್ತಿನ ಯಾವ ಲ್ಯಾಪ್‌ಟಾಪಿಗೂ ಅಂಥ ಹಾಸಿಗೆ ಸಿಕ್ಕಿರಲಾರದು. ನಾವೆಲ್ಲ ನೋಡಿ ಭೇಷ್ ಎಂದೆವು.

ಸಾಯಂಕಾಲ ಶಿವರಂಜನಿ ಪಾಠದ ತಾಲೀಮು ಶುರು ಮಾಡಿದಳು. ವಿದ್ಯಾರ್ಥಿಗಳು ನಾವು ಇಬ್ಬರೇ, ನಾನು ಮತ್ತು ಬಸ್ಸಮ್ಮ. ಹತ್ತಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದೆವು.

"ಮಕ್ಕಳೇ, ಇಂದು ನಾವು ಉಷ್ಣದ ಬಗ್ಗೆ ತಿಳಿಯೋಣ. ಬಿಸಿ ಚಹಾದಲ್ಲಿ ಸ್ಟೀಲ್ ಚಮಚ ಇಟ್ಟರೆ, ಅದರ ಹಿಡಿಕೆ ಏಕೆ ಬಿಸಿಯಾಗುತ್ತದೆ?"

"ಚಹಾ ಬಿಸಿ ಇರ್ತದಲ್ಲವ್ವ, ಅದಕ್ಕ," ಎಂದಳು ಬಸ್ಸಮ್ಮ.

"ಜಾಣೆ! ಕೆಲವು ವಸ್ತುಗಳು ಬಿಸಿಯನ್ನು ಸಾಗಿಸುತ್ತವೆ. ಇನ್ನು ಕೆಲವು ವಸ್ತುಗಳು..."

ಅಷ್ಟರಲ್ಲಿ ಲ್ಯಾಪ್‌ಟಾಪಿನ ಒಳಗಿನ ಫ್ಯಾನು ಹೊಯ್ ಎಂದು ಕೂಗಿತು, ಬಿಸಿ ಗಾಳಿಯ ವಾಸನೆ ಬಂತು, ಪರದೆ ಕಪ್ಪಾಯಿತು. ಕೆಲವು ವಸ್ತುಗಳು ಬಿಸಿಯನ್ನು ಏನು ಮಾಡುತ್ತವೆ ಎಂಬುದು ಆ ದಿನ ತಿಳಿಯಲಿಲ್ಲ. ಮರುದಿನವೂ ತಿಳಿಯಲಿಲ್ಲ. ಪ್ರತಿಸಲವೂ ಚಮಚ ಬಿಸಿಯಾದ ಕೂಡಲೇ ಅದು ಕಣ್ಣು ಮುಚ್ಚುತ್ತಿತ್ತು. ಪಾಠದ ಉಳಿದ ಭಾಗಕ್ಕೆ ಆಕೆ ಒಮ್ಮೆಯೂ ಮುಟ್ಟಲಿಲ್ಲ.

ವಿಶ್ವರಾಧ್ಯ ಲ್ಯಾಪ್‌ಟಾಪಿಗೆ ಕಿವಿ ಇಟ್ಟು ಆಲಿಸಿದ.

"ಹೊಸಾ ಮನಿ, ಹೊಸಾ ಮಂದಿ. ಜರಾ ಹೆದರ್ಯಾದ," ಎಂದ. "ನಾ ಅದೀನಲ್ಲ, ಸುಧಾರಸ್ತೀನಿ."

ಬ್ಯಾಟರಿ ತೆಗೆದು ಅಂಗಿಗೆ ಒರೆಸಿ ಮತ್ತೆ ಹಾಕಿದ. ಪ್ಲಗ್ಗನ್ನು ತಿರುಗಿಸಿ ಹಾಕಿದ. ಮೂಲೆ ಒತ್ತಿ ಹಿಡಿದ, ಬೋರಲು ಹಾಕಿ ತಟ್ಟಿದ, ಊದಿದ. ಕೊನೆಗೆ ಮಿಕ್ಸರಿನ ಔಷಧಿ ಕೊಡಲು ಕೈ ಎತ್ತಿದಾಗ ಶಿವರಂಜನಿ ಆ ಕೈಯನ್ನು ಗಾಳಿಯಲ್ಲೇ ಹಿಡಿದಳು.

"ಬ್ಯಾಡ್ರಿ. ನಿಮ್ಮ ಕಾಲು ಬೀಳ್ತೀನಿ. ಶಹಾಪುರಕ್ಕ ಒಯ್ದು ತೋರಿಸ್ರಿ."

ಖಾಜಾಹುಸೇನನ ಹತ್ತಿರ ಒಯ್ಯುವುದು ಅವನಿಗೆ ಅವಮಾನ. ಆದರೂ ಹೆಂಡತಿಯ ಮುಖ ನೋಡಿ ಹೊರಟ. ಜೊತೆಗೆ ನಾನೂ ಹೋದೆ. ನಿವೃತ್ತ ಕಂಡಕ್ಟರನಿಗೆ ಬಸ್ಸು ಹತ್ತಲು ನೆಪ ಸಿಕ್ಕರೆ ಸಾಕು.

ಖಾಜಾಹುಸೇನ ಲ್ಯಾಪ್‌ಟಾಪನ್ನು ಗಾಜಿನ ಕೌಂಟರಿನ ಮೇಲೆ ಇಟ್ಟು ಒಂದು ಸಿನಿಮಾ ಹಚ್ಚಿದ. ನಾವು ಚಹಾ ಕುಡಿದೆವು. ಸಿನಿಮಾದಲ್ಲಿ ನಾಯಕ ಊರು ಬಿಟ್ಟ, ವಾಪಸ್ ಬಂದ, ತಂಗಿಯ ಮದುವೆ ಮಾಡಿದ, ಗುಂಡು ತಿಂದ, ಎದ್ದು ಹಾಡಿದ. ಲ್ಯಾಪ್‌ಟಾಪಿಗೆ ಏನೂ ಆಗಲಿಲ್ಲ. ಡಾಕ್ಟರ ಮುಂದೆ ಕೂತ ಕೂಡಲೇ ಹೊಟ್ಟೆನೋವು ಹೋದ ಹುಡುಗನನ್ನು ನೋಡುವ ತಂದೆಯ ಹಾಗೆ ವಿಶ್ವರಾಧ್ಯ ಅದನ್ನು ಕೆಕ್ಕರಿಸಿ ನೋಡುತ್ತಿದ್ದ.

"ಅಣ್ಣಾ, ಇದಕ್ಕ ಏನೂ ಆಗಿಲ್ಲ. ನಿಮ್ಮ ಮನ್ಯಾಗಿನ ಕರೆಂಟ್ ಖರಾಬ್ ಅದ."

"ನಮ್ಮ ಕರೆಂಟ್ ಖರಾಬ? ಅದೇ ಕರೆಂಟ್‌ಲೇ ಫ್ರಿಜ್ಜು ನಡೀತದ, ಟೀವಿ ನಡೀತದ!"

"ಅವು ಜವಾನ್ ಅವ. ಇದು ಮುದುಕ ಅಂತ ಮೊದಲೇ ಹೇಳೀನಿಲ್ಲ? ಮೆತ್ತಗ ಇಟ್ಟೀರಿಲ್ಲ?"

"ಹೂವಿನಂಗ ಇಟ್ಟೀನಿ."

"ಶಾಭಾಶ್! ಹಂಗೇ ಇಡ್ರಿ," ಎಂದ ಖಾಜಾಹುಸೇನ.

ಊರಿಗೆ ಬಂದವನೇ ವಿಶ್ವರಾಧ್ಯ ಲೈನ್‌ಮನ್ ಜೈಭೀಮನನ್ನು ಕರೆಸಿದ. ಜೈಭೀಮ ಚುರುಕು ಮನುಷ್ಯ. ಮೀಟರು ನೋಡಿದ, ಕಂಬ ಹತ್ತಿ ಇಳಿದ, ಪ್ರತಿ ತೂತಿಗೂ ಟೆಸ್ಟರ್ ಚುಚ್ಚಿದ. ಆಮೇಲೆ ಹಿತ್ತಲಿಗೆ ಹೋಗಿ ಎಮ್ಮೆಯ ಕೊಟ್ಟಿಗೆಯ ಮುಂದೆ ನಿಂತು, ತಲೆಯೆತ್ತಿ ನೋಡಿದ.

"ಯಜಮಾನ್ರ, ಕಂಬದಿಂದ ನೆಟ್ಟಗ ಇಲ್ಲಿಗಿ ಒಂದು ವಾಯರ್ ಬಂದದ. ಯಾರದಿದು?"

"ಯಾವ ವಾಯರ್?"

"ಇದ. ಮೀಟರಿಗಿ ಹೇಳದನ ಬಂದದಲ್ಲ, ಇದು."

"ಅದಾ... ಅದು ಎಮ್ಮಿದು," ಎಂದ ವಿಶ್ವರಾಧ್ಯ.

ಸರ್ಕಾರದ ನೌಕರನನ್ನು ತಾನೇ ಫೋನು ಮಾಡಿ ಕರೆಸಿ, ಚಹಾ ಕೊಟ್ಟು, ಕಳ್ಳ ವಾಯರು ತೋರಿಸಿದ ಮನುಷ್ಯ ಕೆಂಭಾವಿಯಲ್ಲಿ ಇವನೊಬ್ಬನೇ. ಜೈಭೀಮ ಆ ವಾಯರನ್ನು ಕತ್ತರಿಸಿ ಸುತ್ತಿ ಹೆಗಲಿಗೆ ಹಾಕಿಕೊಂಡ. ಚಹಾದ ಋಣಕ್ಕೆ ಕೇಸು ಮಾಡಲಿಲ್ಲ. ಹೋಗುವಾಗ ಒಂದು ಸಲಹೆ ಮಾತ್ರ ಕೊಟ್ಟ:

"ಕರೆಂಟ್ ಬರೋಬ್ಬರಿ ಅದ. ಅರ್ಥಿಂಗ್ ಒಂದೀಟು ವೀಕ್ ಕಾಣ್ತದ. ಕರೆಂಟ್ ಹಾಯಲಾರದ್ದು ಏನರೆ ಕೆಳಗ ಹಾಕಿ ಇಡ್ರಿ."

"ಹತ್ತ್ಯಾಗ ಕರೆಂಟ್ ಹಾಯ್ತದೇನು?"

"ಹತ್ತ್ಯಾಗ ಯಾಕ ಹಾಯ್ತದ್ರಿ?"

"ಹಂಗಾರ ಇನ್ನೊಂದೆರಡು ಬುಟ್ಟಿ ಹಾಕ್ತೀನಿ," ಎಂದು ವಿಶ್ವರಾಧ್ಯ ಅಲ್ಲೇ ಹಾಸಿಗೆಯನ್ನು ಇನ್ನಷ್ಟು ಆಳ ಮಾಡಿದ. ಲ್ಯಾಪ್‌ಟಾಪು ಈಗ ಕಿವಿಯವರೆಗೆ ಮುಳುಗಿತು, ಮೊದಲಿಗಿಂತ ಜಲ್ದಿ ಪ್ರಾಣ ಬಿಡತೊಡಗಿತು.

ಕರೆಂಟು ಸರಿ, ಯಂತ್ರ ಸರಿ. ಹಾಗಾದರೆ ಕೆಟ್ಟದ್ದು ಏನು? ನಾನು ಒಂದು ಉಪಾಯ ಹೇಳಿದೆ. ಲ್ಯಾಪ್‌ಟಾಪನ್ನು ನಮ್ಮ ಮನೆಗೆ ತಂದು, ಪರಸಿಕಲ್ಲು ಹಾಸಿದ ಒಳಕಟ್ಟೆಯ ಮೇಲೆ ಇಟ್ಟೆವು. ನನ್ನ ಹೆಂಡತಿ ಕರೆಮ್ಮ ಅದರಲ್ಲಿದ್ದ ಹಾಡುಗಳನ್ನೆಲ್ಲ ಹಚ್ಚಿಸಿ ಅಕ್ಕಿ ಆರಿಸಿದಳು, ಬೇಳೆ ಆರಿಸಿದಳು, ಕೆಲಸ ಮುಗಿದರೂ ಹಾಡು ಮುಗಿಯಲಿಲ್ಲ.

"ಚಂದ ನಡೀತದಲ್ಲ, ಇಲ್ಲೇ ಇರಲಿ ಬಿಡ್ರಿ. ಶಿವರಂಜನಿ ಇಲ್ಲೇ ಬಂದು ಪಾಠ ಮಾಡಲಿ," ಎಂದಳು.

ಆದರೆ ನಮ್ಮದು ಮಂದ ಗೋಡೆಯ ಕಲ್ಲಿನ ಮನೆ, ಒಳಗೆ ಲ್ಯಾಪ್‌ಟಾಪಿಗೆ ನೆಟ್ ಕೊಡುವ ಫೋನಿನ ಸಿಗ್ನಲ್ ಬರುವುದಿಲ್ಲ. ನಮ್ಮಲ್ಲಿ ಯಂತ್ರ ನಡೆಯುತ್ತದೆ, ಸಿಗ್ನಲ್ ನಡೆಯುವುದಿಲ್ಲ. ಅವರ ಪಡಸಾಲೆಯ ಕಿಟಕಿಯಲ್ಲಿ ಸಿಗ್ನಲ್ ನಡೆಯುತ್ತದೆ, ಯಂತ್ರ ನಡೆಯುವುದಿಲ್ಲ. ಊರಲ್ಲಿ ಮತ್ತೊಬ್ಬರ ಮನೆ ಕೇಳೋಣವೆಂದರೆ ವಿಶ್ವರಾಧ್ಯ ಸಿಡಿದೆದ್ದ.

"ನಮ್ಮ ಮನಿ ಹೆಣ್ಣಮಗಳು ಮಂದಿ ಮನ್ಯಾಗ ನಿಂತು ಪಾಠ ಮಾಡಬೇಕಾ? ನಾ ಇನ್ನಾ ಜೀವಂತ ಅದೀನಿ!"

ಅವನು ಜೀವಂತ ಇರುವುದೇ ತೊಂದರೆ ಎಂದು ಯಾರೂ ಹೇಳಲಿಲ್ಲ. ಇಷ್ಟರಲ್ಲಿ ಸುದ್ದಿ ನಲ್ಲಿಯ ಹತ್ತಿರ ಹೋಗಿತ್ತು. ನಮ್ಮೂರಿನ ನಲ್ಲಿಯಲ್ಲಿ ನೀರು ಬರುವುದು ತಡವಾಗಬಹುದು, ಸುದ್ದಿ ತಡವಾಗುವುದಿಲ್ಲ. ಅಂಗಡಿಯಲ್ಲಿ ನಡೆಯುವ ಯಂತ್ರ, ಪಕ್ಕದ ಮನೆಯಲ್ಲಿ ನಡೆಯುವ ಯಂತ್ರ, ವಿಶ್ವರಾಧ್ಯನ ಹೊಸ್ತಿಲು ದಾಟಿದರೆ ನಿಲ್ಲುತ್ತದೆ ಎಂದರೆ ಅರ್ಥವೇನು?

"ಆ ಮನಿ ಜಾಗಾನೇ ಸರಿ ಇಲ್ಲಂತ. ಹೋದ ವರ್ಷ ಅವರ ಗಡಿಯಾರನೂ ನಿಂತಿತ್ತಂತ," ಎಂದರು ಹೆಂಗಸರು.

ಬಸ್ಸಮ್ಮನಿಗೆ ಇದು ತಾಗಿತು. ಗಂಡ ಕಟ್ಟಿಸಿದ ಮನೆಯ ಬಗ್ಗೆ ಅಂಥ ಮಾತು ಕೇಳಿ ಆಕೆ ಆ ದಿನ ಊಟ ಮಾಡಲಿಲ್ಲ. ಮರುದಿನ ಯಾರನ್ನೂ ಕೇಳದೆ ಕೊಂಕಲ್ ಕಡೆಯ ಅಮಾತೆಪ್ಪನಿಗೆ ಹೇಳಿಕಳಿಸಿದಳು.

ಅಮಾತೆಪ್ಪ ಬೋರ್‌ವೆಲ್‌ಗೆ ಪಾಯಿಂಟ್ ನೋಡುವವನು. ಅಂಗೈ ಮೇಲೆ ತೆಂಗಿನಕಾಯಿ ಅಡ್ಡ ಇಟ್ಟುಕೊಂಡು ಹೊಲದಲ್ಲಿ ನಡೆಯುತ್ತಾನೆ. ಕೆಳಗೆ ನೀರಿದ್ದ ಜಾಗದಲ್ಲಿ ಕಾಯಿ ತಾನಾಗಿ ನೆಟ್ಟಗೆ ಎದ್ದು ನಿಲ್ಲುತ್ತದೆ. ನೀರು ಬಿದ್ದ ಹೊಲಗಳ ಹೆಸರು ಅವನ ಬಾಯಲ್ಲಿವೆ, ಬೀಳದ ಹೊಲಗಳ ಹೆಸರು ಆ ಹೊಲದವರ ಬಾಯಲ್ಲಿವೆ. ಅವನು ಜರಿಯ ರುಮಾಲು ಸುತ್ತಿಕೊಂಡು ಬಂದಾಗ ಅರ್ಧ ಓಣಿ ಅವನ ಹಿಂದೆ ಬಂತು. ಎಲ್ಲ ಬಲ್ಲ ಇಬ್ಬರು ಎದುರುಬದುರಾದದ್ದನ್ನು ನಾನು ಅಂದೇ ನೋಡಿದ್ದು.

"ಮಷೀನ್ ಎಲ್ಲಿ ಸಾಯ್ತದ?" ಎಂದ ಅಮಾತೆಪ್ಪ.

"ಇಲ್ಲಿ,"‌ ಎಂದ ವಿಶ್ವರಾಧ್ಯ, ತನ್ನದೇ ಸಾಧನೆಯೆಂಬಂತೆ.

ಅಮಾತೆಪ್ಪ ಕಾಯಿ ಇಟ್ಟುಕೊಂಡು ಬಾಗಿಲಿನಿಂದ ನಡೆದ. ಕಾಯಿ ಮಲಗೇ ಇತ್ತು. ಒಲೆಯ ಕಡೆ ಹೋದ, ಮಲಗೇ ಇತ್ತು. ಕಿಟಕಿಯ ಕಡೆ ಬಂದು ಹತ್ತಿಯ ಮೇಲೆ ಕಾಲಿಟ್ಟ. ಹತ್ತಿಯ ರಾಶಿಯಲ್ಲಿ ಕಾಲು ಮೊಳಕಾಲವರೆಗೆ ಹೂತು, ಮೈ ಒಂದು ಕಡೆ ವಾಲಿತು. ಕಾಯಿ ಥಟ್ಟನೆ ಎದ್ದು ನಿಂತಿತು.

"ನಿಂತದ! ನಿಂತದ!" ಎಂದು ಓಣಿ ಕೂಗಿತು.

"ನೀರಿನ ಸೆಲಿ ಅದ. ಭಾಳ ಜೋರ್ ಅದ," ಎಂದ ಅಮಾತೆಪ್ಪ ಕಣ್ಣು ಮುಚ್ಚಿ. "ಮ್ಯಾಲಿದ್ದ ಮಷೀನಿನ ಕಸುವೆಲ್ಲಾ ಎಳಕೊಳ್ಳಾಕತ್ತದ."

ಶಿವರಂಜನಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು, "ನೆಲದಾಗಿನ ನೀರು ಲ್ಯಾಪ್‌ಟಾಪಿನ ಕಸುವು ಹ್ಯಾಂಗ ಎಳಕೊಂತದ್ರಿ?"

"ತಂಗೀ, ನಾ ಪಾಯಿಂಟ್ ಹೇಳಾವ. ಕಾರಣ ಹೇಳಾವ ಅಲ್ಲ."

ಪರಿಹಾರ ಎರಡು. ಒಂದು, ಪಡಸಾಲೆಯಲ್ಲೇ ಬೋರ್ ಹಾಕಿಸಿ ನೀರನ್ನು ಹೊರಗೆ ತೆಗೆಯುವುದು. ಎರಡು, ಲ್ಯಾಪ್‌ಟಾಪನ್ನು ನೆಲದಿಂದ ಆದಷ್ಟು ಎತ್ತರದಲ್ಲಿ ಇಡುವುದು. ವಿಶ್ವರಾಧ್ಯ ಒಳಗಿನ ಕೋಣೆಯಲ್ಲಿದ್ದ ಹತ್ತಿಯನ್ನೂ ತಂದು ಸುರಿದ. ರಾಶಿ ಶಿವರಂಜನಿಯ ಎದೆಯ ಮಟ್ಟಕ್ಕೆ ಬಂತು, ಕಿಟಕಿಯ ಅಡಿಗಲ್ಲು ಮುಚ್ಚಿಹೋಯಿತು. ಅದರ ತುದಿಯಲ್ಲಿ ಲ್ಯಾಪ್‌ಟಾಪನ್ನು ಪ್ರತಿಷ್ಠಾಪನೆ ಮಾಡಿದ.

ಪಡಸಾಲೆಯಲ್ಲಿ ನೀರಿದೆ ಎಂಬ ಸುದ್ದಿಗೆ ನಮ್ಮ ವಾರ್ಡಿನ ಮೆಂಬರ್ ಸರಿತಾ ಸ್ವತಃ ಬಂದರು. ಹತ್ತಿಯ ಮೇಲೆ ಕೂತು, ಚಹಾ ಕುಡಿದು, ಜನರ ಪರವಾಗಿ ಬೇಡಿಕೆ ಇಟ್ಟರು.

"ಬೋರ್ ಹಾಕ್ಸಿದ್ರಂದ್ರ ಕಿಟಕ್ಯಾಗ ಒಂದು ನಲ್ಲಿ ಬಿಡ್ರಿ, ಅಣ್ಣಾರ. ಓಣಿ ಮಂದಿ ಹೊರಗಿಂದೇ ತುಂಬಕೊಂಡು ಹೋಗ್ತಾರ."

ನೀರೂ ಇಲ್ಲ, ಬೋರೂ ಇಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಬೇಡವೆಂದು ಬೇರೆ ಯಾರಾದರೂ ಆಗಿದ್ದರೆ ಹೇಳುತ್ತಿದ್ದರು. ವಿಶ್ವರಾಧ್ಯನ ಎದೆ ಮಾತ್ರ ಒಂದು ಗೇಣು ಉಬ್ಬಿತು.

"ಒಂದ್ಯಾಕ, ಎರಡು ಬಿಡ್ತೀನಿ!"

ಮರುದಿನ ಬೆಳಗಾಗುವುದರೊಳಗೆ ಅವನ ಕಿಟಕಿಯ ಕೆಳಗೆ ಕೊಡಗಳ ಪಾಳಿ ನಿಂತಿತ್ತು. ಮೊದಲ ಕೊಡ ಯಾರದು ಎಂಬ ಜಗಳವೂ ಸಾಕಷ್ಟು ಮುಂದುವರಿದಿತ್ತು.

ಬುಧವಾರ ಸಾಯಂಕಾಲ ಶಿವರಂಜನಿ ಕರಿಹಲಗೆ ಒರೆಸುತ್ತ ಅತ್ತಳು. ಗದ್ದಲ ಮಾಡಿ ಅಳುವವಳಲ್ಲ, ಒರೆಸಿದ ಜಾಗವನ್ನೇ ಮತ್ತೆ ಮತ್ತೆ ಒರೆಸುತ್ತಿದ್ದಳು.

"ಏನ್ರಿ, ನನಗ ಬೋರ್ ಬ್ಯಾಡ, ನಲ್ಲಿ ಬ್ಯಾಡ. ಅರ್ಧ ತಾಸು ಬೇಕ್ರಿ. ಇಷ್ಟು ವರ್ಷದಾಗ ನನ್ನ ಸಲುವಾಗಿ ಕೇಳಿದ್ದು ಇದೊಂದು ಅರ್ಧ ತಾಸು."

ನಮ್ಮ ಕಟ್ಟೆಯ ಮೇಲೆ ಕೂತು ಅವರ ತೆರೆದ ಬಾಗಿಲಿನಲ್ಲಿ ಇದನ್ನು ಕಂಡ ನಾನು ಮುಖ ಆಚೆ ತಿರುಗಿಸಿದೆ. ವಿಶ್ವರಾಧ್ಯ ಲ್ಯಾಪ್‌ಟಾಪಿನ ಸುತ್ತಿನ ಹತ್ತಿಯನ್ನು ಸವರತೊಡಗಿದ. ಅವನು ಕೆಟ್ಟವನಲ್ಲ. ಹೆಂಡತಿಗೆ ನೌಕರಿ ಸಿಗಲೆಂದು ಮೂರೂ ಹೊತ್ತು ಹಂಬಲಿಸುತ್ತಿದ್ದ, ಹಂಬಲಿಸುವಾಗ ಸುಮ್ಮನೆ ಕೂರಲು ಬರುತ್ತಿರಲಿಲ್ಲ, ಅಷ್ಟೇ.

"ನಾ ಅದೀನಲ್ಲ," ಎಂದ ಕೊನೆಗೆ. ಆಕೆಯ ಅಳು ಹೆಚ್ಚಾಯಿತು.

ಬಸ್ಸಮ್ಮನಿಗೆ ಸೊಸೆಯ ಅಳು ತಡೆಯಲಾಗಲಿಲ್ಲ. ಆಕೆಯೂ ತನಗೆ ತಿಳಿದ ವೈದ್ಯ ಮಾಡಿದಳು. ಮೈ ಬಿಸಿಯಾಗುವುದು, ಏದುಸಿರು ಬಿಡುವುದು, ಕಣ್ಣು ಕತ್ತಲೆ ಬರುವುದು, ಇವೆಲ್ಲ ಗಾಳಿ ಹೊಕ್ಕ ಬಾಣಂತಿಯ ಲಕ್ಷಣಗಳೆಂದು ಆಕೆಯ ತೀರ್ಮಾನ. ಓಣಿಯ ಎಷ್ಟೋ ಬಾಣಂತನ ಮಾಡಿದ ಕೈ ಅದು. ಟ್ರಂಕಿನಿಂದ ತನ್ನ ದಪ್ಪ ಕೌದಿ ತೆಗೆದು ಲ್ಯಾಪ್‌ಟಾಪಿನ ಬೆನ್ನಿಗೂ ಪಕ್ಕೆಗೂ ಸುತ್ತಿ, ಪರದೆಯಷ್ಟೇ ಹೊರಗೆ ಕಾಣುವಂತೆ ಬಿಗಿದಳು.

"ಗಾಳಿ ಹತ್ತಬಾರ್ದವ್ವ. ನಾಳೆ ನೋಡು, ಹ್ಯಾಂಗ ಮಾತಾಡ್ತದ," ಎಂದಳು.

ಗುರುವಾರ ಬಂತು. ಕಿಟಕಿಯ ಹೊರಗೆ ಕೊಡದವರು, ಬಾಗಿಲಲ್ಲಿ ನಾವು, ಎಲ್ಲರ ಮುಂದೆ ಅಮಾತೆಪ್ಪ. ತನ್ನ ಪಾಯಿಂಟ್ ಎಲ್ಲಿಯೂ ತಪ್ಪುವುದಿಲ್ಲ ಎಂದು ತೋರಿಸಲು ಎರಡು ಬಸ್ಸು ಬದಲಿಸಿ ಬಂದಿದ್ದ. ವಿಶ್ವರಾಧ್ಯ ಇಸ್ತ್ರಿ ಅಂಗಿ ಹಾಕಿಕೊಂಡು ಹತ್ತಿಯ ರಾಶಿಯ ಪಕ್ಕದಲ್ಲಿ ಪಹರೆ ನಿಂತಿದ್ದ. ಪರದೆಯ ಮೇಲೆ ಹೆಡ್‌ಮಾಸ್ತರರು ಕಾಣಿಸಿದರು, ಅವರ ಪಕ್ಕದಲ್ಲಿ ಇಬ್ಬರು ಮೇಡಂಗಳು. ಶಿವರಂಜನಿ ನಮಸ್ಕಾರ ಮಾಡಿ ಶುರು ಮಾಡಿದಳು.

ಏನು ಪಾಠ! ತಾಲೀಮಿನಲ್ಲಿ ನಡುಗುತ್ತಿದ್ದ ದನಿ ಅದಲ್ಲ. ಚಹಾ, ಚಮಚ, ಹಿಡಿಕೆ ಎಲ್ಲವೂ ನಮ್ಮ ಕಣ್ಣ ಮುಂದೆ ಬಂದವು. ಬೆಳಗಿನ ತಂಪಿಗೋ ಏನೋ, ಲ್ಯಾಪ್‌ಟಾಪು ಚಮಚವನ್ನು ದಾಟಿತು. ಆಕೆ ಮೊದಲ ಸಲ ಕಟ್ಟಿಗೆಯ ಹಿಡಿಕೆಗೆ ಬಂದಳು. ಕಟ್ಟಿಗೆ ಬಿಸಿಯನ್ನು ಸಾಗಿಸುವುದಿಲ್ಲ ಎಂದಳು. ಅಲ್ಲಿಗೆ ಫ್ಯಾನು ಹೊಯ್ ಎನ್ನತೊಡಗಿತು. ವಿಶ್ವರಾಧ್ಯನ ಇಸ್ತ್ರಿ ಅಂಗಿಯ ಬೆನ್ನು ತೊಯ್ದುಹೋಯಿತು.

ಆಗ ಹೆಡ್‌ಮಾಸ್ತರರು ಕೈ ಎತ್ತಿ ತಡೆದರು.

"ಮೇಡಂ, ಒಂದು ಪ್ರಶ್ನೆ. ಪರದೆಯ ಅಂಚಿನಲ್ಲಿ ಒಂದು ಕೌದಿ ಕಾಣುತ್ತಿದೆ, ಅದನ್ನೇ ಕೇಳುತ್ತೇನೆ. ಚಳಿಯಲ್ಲಿ ಕೌದಿ ಹೊದ್ದರೆ ಬೆಚ್ಚಗಾಗುತ್ತದೆ. ಕೌದಿಯೊಳಗೆ ಬೆಂಕಿ ಇಲ್ಲ, ಬಿಸಿ ಎಲ್ಲಿಂದ ಬಂತು?"

ಶಿವರಂಜನಿ ನಕ್ಕಳು. ಗೊತ್ತಿದ್ದ ಪ್ರಶ್ನೆ ಸಿಕ್ಕವರ ನಗು.

"ಕೌದಿ ಬಿಸಿ ಕೊಡುವುದಿಲ್ಲ ಸರ್. ನಮ್ಮ ಮೈಯ ಬಿಸಿಯನ್ನು ಹೊರಗೆ ಹೋಗಗೊಡುವುದಿಲ್ಲ. ಬಟ್ಟೆ, ಉಣ್ಣೆ, ಹತ್ತಿ ಇವೆಲ್ಲ ಬಿಸಿಯನ್ನು ಒಳಗೇ ಹಿಡಿದು..."

ಆಕೆ ನಿಂತುಬಿಟ್ಟಳು. ಲ್ಯಾಪ್‌ಟಾಪು ನಿಂತಿರಲಿಲ್ಲ, ಆಕೆ ನಿಂತಿದ್ದಳು. ಕೌದಿಯನ್ನು ನೋಡಿದಳು. ಅದರ ಕೆಳಗಿನ ಹತ್ತಿಯನ್ನು ನೋಡಿದಳು. ಹತ್ತಿಯ ಪಕ್ಕದಲ್ಲಿ ನಿಂತ ಗಂಡನನ್ನು ನೋಡಿದಳು. ಪಾಠ ಮರೆತುಹೋಯಿತು, ಮುಗಿಯಿತು ಎಂದು ನಾನು ಎದೆ ಹಿಡಿದುಕೊಂಡೆ.

"ಅತ್ತೀ!" ಎಂದು ಆಕೆ ಕೂಗಿದಳು. "ಹಿಟ್ಟು ನಾದೋ ಪರಾತ ಕೊಡ್ರಿ, ಜಲ್ದಿ!"

ಬಸ್ಸಮ್ಮ ಯಾಕೆ ಎಂದು ಕೇಳಲಿಲ್ಲ, ಜೋಳದ ಹಿಟ್ಟು ಮೆತ್ತಿದ ಪರಾತವನ್ನು ಓಡಿ ತಂದಳು. ಶಿವರಂಜನಿ ಕೌದಿಯನ್ನು ಕಿತ್ತೆಸೆದಳು. ಎರಡೂ ಕೈಯಿಂದ ಹತ್ತಿಯನ್ನು ಬಾಚಿ ಕಿಟಕಿಯ ಅಡಿಗಲ್ಲನ್ನು ಬಯಲು ಮಾಡಿ, ಪರಾತವನ್ನು ಅದರ ಮೇಲೆ ಬೋರಲು ಹಾಕಿ, ವಾಯರು ಜಗ್ಗದ ಹಾಗೆ ಲ್ಯಾಪ್‌ಟಾಪನ್ನು ಎತ್ತಿದಳು.

"ಧಕ್ಕಿ! ಧಕ್ಕಿ ತಾಗ್ತದ!" ಎಂದು ವಿಶ್ವರಾಧ್ಯ ಕಿರಿಚಿದ.

ಆಕೆ ತಿರುಗಿಯೂ ನೋಡದೆ ತುಟಿಯ ಮೇಲೆ ಬೆರಳಿಟ್ಟಳು. ತರಗತಿಯಲ್ಲಿ ಗದ್ದಲ ಮಾಡುವ ಹುಡುಗನಿಗೆ ಮಾಡುವ ಸನ್ನೆ. ವಿಶ್ವರಾಧ್ಯ ಸುಮ್ಮನಾದ. ಅವನು ಹುಟ್ಟಿದ್ದನ್ನು ಬಲ್ಲ ನಾನು ಹೇಳುತ್ತೇನೆ, ಅದೇ ಮೊದಲ ಸಲ.

"ಸರ್, ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲಿದೆ," ಎಂದು ಆಕೆ ಲ್ಯಾಪ್‌ಟಾಪನ್ನು ತಿರುಗಿಸಿ ಹತ್ತಿಯ ರಾಶಿಯನ್ನು ಶಹಾಪುರಕ್ಕೆ ತೋರಿಸಿದಳು. "ಈ ಯಂತ್ರ ತಾನಾಗಿ ಬಿಸಿಯಾಗುತ್ತದೆ. ಆ ಬಿಸಿ ಹೊರಗೆ ಹೋಗಲು ಕೆಳಗೆ ತೂತುಗಳಿವೆ. ನಾವು ಇದನ್ನು ಈ ರಾಶಿಯ ಮೇಲೆ ಮಲಗಿಸಿ, ಮೇಲೆ ಕೌದಿ ಹೊದಿಸಿದ್ದೆವು. ಇಷ್ಟು ದಿನ ನಡುನಡುವೆ ಬಂದ್ ಆಗುತ್ತಿತ್ತು. ಈಗ ಲೋಹದ ಪರಾತದ ಮೇಲೆ, ಗಾಳಿಗೆ ಇಟ್ಟಿದ್ದೇನೆ. ಮಕ್ಕಳೇ, ಎಲ್ಲರೂ ಕಿವಿಗೊಟ್ಟು ಕೇಳಿ. ಏನಾಗುತ್ತದೆ ನೋಡೋಣ."

ಮಕ್ಕಳೆಂದರೆ ಹೆಡ್‌ಮಾಸ್ತರರು, ಮೇಡಂಗಳು, ನಾನು, ಕರೆಮ್ಮ, ಅಮಾತೆಪ್ಪ ಮತ್ತು ಕೊಡದವರು. ಎಲ್ಲರೂ ಕಿವಿಗೊಟ್ಟೆವು. ಫ್ಯಾನು ಹೊಯ್ ಎನ್ನುತ್ತಿತ್ತು. ಆಮೇಲೆ ಹುಯ್ ಎಂದಿತು. ಆಮೇಲೆ ಉಸ್ಸೆಂದಿತು. ಕೊನೆಗೆ ಕಿಟಕಿಯ ಹೊರಗೆ ಒಂದು ಕೊಡ ಇನ್ನೊಂದಕ್ಕೆ ತಾಗಿದ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಪರದೆ ಮೊದಲಿನಂತೆಯೇ ಬೆಳಗುತ್ತಿತ್ತು.

ಅರ್ಧ ತಾಸು ಮುಗಿಯಿತು. ಪಾಠ ಮುಗಿಯಲಿಲ್ಲ. ಮೇಡಂಗಳು ಹತ್ತಿಯ ಬಗ್ಗೆ, ಕೌದಿಯ ಬಗ್ಗೆ ಕೇಳಿದ್ದೇ ಕೇಳಿದ್ದು. ಕೊನೆಗೆ ಹೆಡ್‌ಮಾಸ್ತರರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಕ್ಕು ನಕ್ಕು ನೀರು ಬಂದಿತ್ತು.

"ಮೇಡಂ, ಪುಸ್ತಕ ನೋಡಿ ಪಾಠ ಹೇಳುವವರು ನಮ್ಮಲ್ಲಿ ಇದ್ದಾರೆ. ಮನೆ ನೋಡಿ ಹೇಳುವವರು ಇರಲಿಲ್ಲ. ಸೋಮವಾರ ಬಂದು ಸೇರಿಕೊಳ್ಳಿ."

ಪರದೆ ಆರಿದ ಮೇಲೆ ಓಣಿ ಹುಯ್ಯೆಂದಿತು. ಬಸ್ಸಮ್ಮ ಸೊಸೆಯ ಕೆನ್ನೆ ಸವರಿ ಲಟಿಕೆ ಮುರಿದಳು, ಸೊಸೆಯ ಮುಖಕ್ಕೆಲ್ಲ ಜೋಳದ ಹಿಟ್ಟಾಯಿತು. ಅಮಾತೆಪ್ಪ ಎಲ್ಲರಿಗೂ ಕೇಳುವಂತೆ, "ಅಲ್ಲಿ ಇಡಬ್ಯಾಡ್ರಿ ಅಂತ ನಾ ಮೊದಲೇ ಹೇಳೀನಿಲ್ಲ?" ಎಂದ. ಕೊಡದವರು "ಹಂಗಾರ ನೀರು?" ಎಂದರು. ಆಮೇಲೆ ಗೊಣಗುತ್ತ ಕೊಡ ಎತ್ತಿಕೊಂಡು ಹೋದರು.

ವಿಶ್ವರಾಧ್ಯ ಮಾತ್ರ ಹತ್ತಿಯ ರಾಶಿಯ ಪಕ್ಕದಲ್ಲೇ ನಿಂತಿದ್ದ. ಅವನ ಕಣ್ಣು ತುಂಬಿದ್ದವು, ಅದನ್ನು ನಾನು ನೋಡಿದೆ. ಈಗಲಾದರೂ ತಪ್ಪಾಯಿತು ಎನ್ನುತ್ತಾನೆ ಎಂದು ನಾವೆಲ್ಲ ಕಾದೆವು. ಅವನು ಮೂಗು ಒರೆಸಿಕೊಂಡು, ಗಂಟಲು ಸರಿಮಾಡಿಕೊಂಡು, ಎದೆ ಉಬ್ಬಿಸಿದ.

"ನೋಡು ಮತ್ತ! ನಾ ಹತ್ತಿ ಮ್ಯಾಲ ಇಟ್ಟಿರಲಿಲ್ಲಂದ್ರ ನಿನಗ ಇಂಥಾ ಉದಾಹರಣಿ ಎಲ್ಲಿ ಸಿಗ್ತಿತ್ತು?"

ಶಿವರಂಜನಿ ಅವನ ಕಡೆ ತಿರುಗಿದಳು. ಆಮೇಲೆ ಹಿಟ್ಟಿನ ಮುಖದಲ್ಲೇ ನಕ್ಕಳು. ಎಷ್ಟೋ ವರ್ಷಗಳ ಮೇಲೆ ಆಕೆ ಹಾಗೆ ನಕ್ಕದ್ದು.

"ಖರೇನ್ರಿ. ಸೋಮವಾರ ನೀವೂ ಶಾಲಿಗಿ ಬರ್ರಿ. ಏನ್ ಹೇಳಿದ್ರೂ ಒಳಗ ಬಿಟ್ಟುಕೊಳ್ಳಲಾರದ ವಸ್ತು ಇನ್ನೊಂದು ಮಕ್ಕಳಿಗಿ ತೋರಿಸಬೇಕಾಗ್ಯಾದ."

ವಿಶ್ವರಾಧ್ಯ ಗಂಭೀರವಾಗಿ ಯೋಚಿಸಿದ.

"ಬರ್ತೀನಿ. ಯಾವ ಅಂಗಿ ಹಾಕ್ಕೊಳ್ಳಲಿ?"